ಡೀಸೆಲ್‌ಗೆ ರಿಯಾಯಿತಿ, ಬ್ಯಾಟರಿಗೆ ತೆರಿಗೆ: ಮೀನುಗಾರಿಕೆ ಬೋಟಿನ ಕತ್ತಲೆ ಯಾರ ಲೆಕ್ಕಕ್ಕೆ?

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದಾಗ ಕಾರು, ಬೈಕು, ತುಪ್ಪ, ಶಾಂಪೂ ಎಷ್ಟು ಅಗ್ಗ ಆಯ್ತು ಅನ್ನೋ ಚರ್ಚೆಯೇ ಜೋರಾಗಿತ್ತು. ಪಟ್ಟಿಯಲ್ಲಿ ಬ್ಯಾಟರಿಯೂ ಇತ್ತು. ಅಲ್ಲಿಯವರೆಗೆ ಲೆಡ್-ಆಸಿಡ್ ಬ್ಯಾಟರಿಗೆ ಶೇ. 28, ಲಿಥಿಯಂ ಬ್ಯಾಟರಿಗೆ ಶೇ. 18 ತೆರಿಗೆ. ಈಗ ಎರಡಕ್ಕೂ ಶೇ. 18. ಮನೆಗೆ ಯುಪಿಎಸ್ ಹಾಕಿಸುವವರಿಗೆ ಇದು ಖುಷಿಯ ಸುದ್ದಿಯೇ. ಆದರೆ ಇದನ್ನೇ ತಿರುಗಿಸಿ ನೋಡಿ: ಹಳೆಯ, ವಿಷಕಾರಿ ತಂತ್ರಜ್ಞಾನ ಬಿಟ್ಟು ಹೊಸದಕ್ಕೆ ಬನ್ನಿ ಅಂತ ತೆರಿಗೆ ವ್ಯವಸ್ಥೆ ಕೊಡ್ತಿದ್ದ ಒಂದೇ ಒಂದು ಸಣ್ಣ ಉತ್ತೇಜನವೂ ಹೋಯ್ತು.

ಇದು ಎಲ್ಲಿ ಬಡಿಯುತ್ತೆ ಅಂತ ನೋಡಲು ನಮ್ಮ ಕರಾವಳಿಯ ಬಂದರುಗಳಿಗೆ ಹೋಗಬೇಕು.

ಸಮುದ್ರಕ್ಕೆ ಹೋಗುವ ಬೋಟಿನಲ್ಲಿ ಬ್ಯಾಟರಿಗೆ ಎರಡು ಬಗೆಯ ಕೆಲಸ. ಒಂದು, ಎಂಜಿನ್ ಸ್ಟಾರ್ಟ್ ಮಾಡುವುದು. ಕೆಲವೇ ಸೆಕೆಂಡು ಜೋರಾಗಿ ಕರೆಂಟ್ ಕೊಟ್ಟು ಸುಮ್ಮನಾದರೆ ಸಾಕು. ಎರಡನೆಯದು, ಉಳಿದದ್ದೆಲ್ಲ. ಡೆಕ್ ಮೇಲಿನ ಲೈಟು, ಬೇರೆ ಹಡಗುಗಳಿಗೆ ನಮ್ಮ ಇರವು ತೋರಿಸುವ ಕೆಂಪು-ಹಸಿರು ದೀಪ, ವೈರ್‌ಲೆಸ್, ಜಿಪಿಎಸ್, ಮೀನು ಹುಡುಕುವ ಎಕೋ ಸೌಂಡರ್, ಕ್ಯಾಬಿನ್ನಿನ ಫ್ಯಾನು, ಹುಡುಗರ ಮೊಬೈಲ್ ಚಾರ್ಜಿಂಗ್. ಇದನ್ನೆಲ್ಲ ರಾತ್ರಿಯಿಡೀ ನಿಧಾನಕ್ಕೆ ಹೊರುವ ಬ್ಯಾಟರಿಗೆ ನೌಕೆಗಳ ಲೋಕದಲ್ಲಿ ಹೌಸ್ ಬ್ಯಾಟರಿ ಅಂತಾರೆ. ಹೆಸರು ಸರಿಯಾಗೇ ಇದೆ. ಆಳಸಮುದ್ರಕ್ಕೆ ಹೋದ ಬೋಟು ಹತ್ತು ದಿನ ದಡಕ್ಕೆ ಬರದಿದ್ದರೆ, ಆ ಹತ್ತು ದಿನ ತಾಂಡೇಲನಿಗೂ ಕಲಾಸಿಗಳಿಗೂ ಅದೇ ಮನೆ.

ಯುರೋಪ್, ಅಮೆರಿಕದ ವಿಹಾರ ನೌಕೆಗಳ ಮಾಲೀಕರು ಈ ಹೌಸ್ ಬ್ಯಾಟರಿಯನ್ನು ಲೆಡ್-ಆಸಿಡ್‌ನಿಂದ ಲಿಥಿಯಂಗೆ ಬದಲಾಯಿಸಿಕೊಳ್ಳಲು ಶುರು ಮಾಡಿ ವರ್ಷಗಳೇ ಆದವು. ಅವರಿಗೆ ಅದು ಫ್ರಿಜ್ಜಿನ, ಕಾಫಿ ಮೆಷಿನ್ನಿನ ಪ್ರಶ್ನೆ. ಮಲ್ಪೆ, ಮಂಗಳೂರಿನ ಬೋಟಿಗೆ ಅದು ವೈರ್‌ಲೆಸ್‌ನ ಪ್ರಶ್ನೆ.

ಮೊದಲು ಸ್ವಲ್ಪ ಲೆಕ್ಕ ಮಾಡೋಣ. ಎಂಜಿನಿಯರಿಂಗ್ ಓದಿದ ದುಡ್ಡು ಹೀಗಾದ್ರೂ ವಸೂಲಾಗಲಿ.

ಒಂದು ರಾತ್ರಿಗೆ ಬೋಟಿನ ದೀಪ, ಫ್ಯಾನು, ಯಂತ್ರಗಳಿಗೆ ಎರಡು ಯೂನಿಟ್ ಕರೆಂಟ್ ಬೇಕು ಅಂತ ಇಟ್ಟುಕೊಳ್ಳಿ. ಲೆಡ್-ಆಸಿಡ್ ಬ್ಯಾಟರಿಯ ಮೇಲೆ ಬರೆದಿರುವ ಸಾಮರ್ಥ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಬಳಸಬಾರದು, ಬಳಸಿದರೆ ಆಯಸ್ಸು ಬೇಗ ಮುಗಿಯುತ್ತೆ. ಅಂದರೆ ಎರಡು ಯೂನಿಟ್‌ಗೆ ನಾಲ್ಕು ಯೂನಿಟ್‌ನ ಬ್ಯಾಟರಿ ಹೊರಬೇಕು. 12 ವೋಲ್ಟಿನ 150-180 ಆಂಪಿಯರ್ ಅವರ್‌ನ ಎರಡು ದೊಡ್ಡ ಬ್ಯಾಟರಿ, ನೂರು ಕಿಲೋಗೂ ಮೀರಿದ ಭಾರ. ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಬ್ಯಾಟರಿಯಲ್ಲಿ ಶೇ. 80-90ರಷ್ಟನ್ನು ನಿಶ್ಚಿಂತೆಯಿಂದ ಬಳಸಬಹುದು. ಎರಡೂವರೆ ಯೂನಿಟ್‌ನದ್ದು ಸಾಕು, ತೂಕ ಇಪ್ಪತ್ತೈದು ಕಿಲೋ ಆಸುಪಾಸು. ಲೆಡ್-ಆಸಿಡ್ ಕೆಲವು ನೂರು ಸಲ ಖಾಲಿಯಾಗಿ ತುಂಬುವಷ್ಟರಲ್ಲಿ ಸುಸ್ತಾದರೆ, ಒಳ್ಳೆಯ ಎಲ್‌ಎಫ್‌ಪಿ ಎರಡು-ಮೂರು ಸಾವಿರ ಸಲ ತಡೆಯುತ್ತೆ. ಕೊಳ್ಳುವ ಬೆಲೆ ಎರಡರಿಂದ ಮೂರು ಪಟ್ಟು.

ಆದರೆ ಬೋಟಿನಲ್ಲಿ ನಿಜವಾದ ವ್ಯತ್ಯಾಸ ಇರುವುದು ಚಾರ್ಜ್ ಆಗುವ ರೀತಿಯಲ್ಲಿ. ಲೆಡ್-ಆಸಿಡ್ ಬ್ಯಾಟರಿ ಊಟದ ಕೊನೆಗೆ ಹಟ ಮಾಡುವ ಮಗು ಇದ್ದ ಹಾಗೆ. ಶೇ. 80ರವರೆಗೆ ಬೇಗ ತುಂಬುತ್ತೆ. ಉಳಿದ ಶೇ. 20ಕ್ಕೆ ಗಂಟೆಗಟ್ಟಲೆ ಕಾಯಬೇಕು. ಅಷ್ಟು ಹೊತ್ತು ಕಾಯದೆ ಅರ್ಧಂಬರ್ಧ ಚಾರ್ಜ್ ಮಾಡುತ್ತಾ ಹೋದರೆ ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಬ್ಯಾಟರಿ ಸಾಯುತ್ತೆ. ಬೋಟಿನ ಬ್ಯಾಟರಿಗಳು ಹೆಚ್ಚಾಗಿ ಸಾಯುವುದೇ ಹೀಗೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ ಇರ್ತದಲ್ಲ, ಆಗ ಮಳೆಯಲ್ಲಿ ಚಾರ್ಜ್ ಇಲ್ಲದೆ ಬಿದ್ದುಕೊಂಡ ಬ್ಯಾಟರಿಗಳ ಕಥೆಯೂ ಅದೇ.

ಈಗ ಡೀಸೆಲ್ ಲೆಕ್ಕ. ಲಂಗರು ಹಾಕಿ ನಿಂತ ಬೋಟು ಬರೀ ಬ್ಯಾಟರಿ ತುಂಬಿಸಲಿಕ್ಕೆ ಎಂಜಿನ್ ಓಡಿಸಿದರೆ ಗಂಟೆಗೆ ಎರಡು ಲೀಟರ್ ಹೋಗುತ್ತೆ ಅಂತಿಟ್ಟುಕೊಳ್ಳಿ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು ಹತ್ತು ಯೂನಿಟ್ ಶಕ್ತಿ ಇದೆ. ಇಪ್ಪತ್ತು ಯೂನಿಟ್ ಸುಟ್ಟೆವು. ಆಲ್ಟರ್ನೇಟರ್ 40 ಆಂಪಿಯರ್ ಕೊಟ್ಟರೂ ಬ್ಯಾಟರಿಗೆ ಸೇರಿದ್ದು ಅರ್ಧ ಯೂನಿಟ್. ಶೇ. 2.5. ತೆರಿಗೆ ರಿಯಾಯಿತಿ ಕಳೆದು ಡೀಸೆಲ್ ಲೀಟರಿಗೆ 70 ರೂಪಾಯಿ ಅಂತಲೇ ಹಿಡಿದರೂ ಆ ಕರೆಂಟಿನ ಬೆಲೆ ಯೂನಿಟ್‌ಗೆ 280 ರೂಪಾಯಿ! ಮನೆಯ ಕರೆಂಟು ಯೂನಿಟ್‌ಗೆ 36 ಪೈಸೆ ಏರಿದರೆ ನಾವು ಫೇಸ್‌ಬುಕ್ಕಿನಲ್ಲಿ ಯುದ್ಧ ಮಾಡ್ತೀವಿ.

ಒಂದು ಮಾತು ಒಪ್ಪಿಕೊಳ್ಳಲೇಬೇಕು. ಹಗಲು-ರಾತ್ರಿ ಬಲೆ ಎಳೆಯುವ ಟ್ರಾಲ್ ಬೋಟಿಗೆ ಈ ಲೆಕ್ಕ ಪೂರ್ತಿ ಅನ್ವಯಿಸಲ್ಲ. ಅಲ್ಲಿ ಎಂಜಿನ್ ಹೇಗೂ ಓಡ್ತಾ ಇರುತ್ತೆ, ಚಾರ್ಜಿಂಗ್ ಹೆಚ್ಚುಕಡಿಮೆ ಪುಕ್ಕಟೆ. ರಾತ್ರಿ ನಿಂತು ಕಾಯುವ ಬೋಟುಗಳಿಗೆ, ಬಲೆ ಬೀಸಿ ಸುಮ್ಮನೆ ತೇಲುವ ಬೋಟುಗಳಿಗೆ, ವೀಲ್‌ಹೌಸ್ ಮೇಲೆ ಒಂದೆರಡು ಸೋಲಾರ್ ಪ್ಯಾನೆಲ್ ಹಾಕಲು ಜಾಗ ಇರುವವರಿಗೆ ಇದು ಲಾಭ. ಎಲ್ಲರಿಗೂ ಲಿಥಿಯಂ ಹಂಚಿ ಅನ್ನುವ ಯೋಜನೆ ಯಾರಾದರೂ ತಂದರೆ ಅದು ಟೆಂಡರ್‌ದಾರರ ಯೋಜನೆ, ಮೀನುಗಾರರದ್ದಲ್ಲ.

ಲೀಟರ್‌ಗೆ ಸಿಗುವ ಮರ್ಯಾದೆ

2023ರ ಜುಲೈ ಬಜೆಟ್‌ನಲ್ಲಿ ಸಿದ್ದರಾಮಯ್ಯನವರು ಮೀನುಗಾರಿಕೆ ದೋಣಿಗಳ ರಿಯಾಯಿತಿ ಡೀಸೆಲ್ ಮಿತಿಯನ್ನು ಒಂದೂವರೆ ಲಕ್ಷ ಕಿಲೋಲೀಟರ್‌ನಿಂದ ಎರಡು ಲಕ್ಷ ಕಿಲೋಲೀಟರ್‌ಗೆ ಏರಿಸಿದರು. ಅಂದರೆ ಇಪ್ಪತ್ತು ಕೋಟಿ ಲೀಟರ್. ನಾಡದೋಣಿಯವರ ಸೀಮೆಎಣ್ಣೆ ಎಂಜಿನ್ ಬದಲಿಗೆ ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ಹಾಕಿಕೊಳ್ಳಲು ತಲಾ 50 ಸಾವಿರ ರೂಪಾಯಿ ಸಹಾಯವನ್ನೂ ಘೋಷಿಸಿದರು. ಎರಡೂ ಬೇಕಿತ್ತು. ಡೀಸೆಲ್ ರಿಯಾಯಿತಿ ತೆಗೆದರೆ ಮಾರನೇ ದಿನ ಅರ್ಧ ಬೋಟು ದಕ್ಕೆಯಲ್ಲೇ ನಿಲ್ಲುತ್ತವೆ, ಅದನ್ನು ಕಿತ್ತುಹಾಕಿ ಅನ್ನುವ ಅರ್ಥಶಾಸ್ತ್ರಜ್ಞರ ಜೊತೆ ನಾನಿಲ್ಲ.

ಆದರೆ ಈ ಸಹಾಯ ಅಳೆಯುವುದು ಲೀಟರಿನಲ್ಲಿ. ಹೆಚ್ಚು ಸುಟ್ಟವನಿಗೆ ಹೆಚ್ಚು. ಬೇಡದ ಡೀಸೆಲ್ ಉಳಿಸುವವನಿಗೆ ಸೊನ್ನೆ. ಯೂನಿಟ್‌ಗೆ 280 ರೂಪಾಯಿಯ ಕರೆಂಟಿಗೆ ಸರ್ಕಾರದ ದುಡ್ಡು ಹರಿಯುತ್ತೆ, ಆ ಖರ್ಚು ತಪ್ಪಿಸುವ ಬ್ಯಾಟರಿಯ ಮೇಲೆ ಇನ್ನೊಂದು ಸರ್ಕಾರ ಶೇ. 18 ವಸೂಲಿ ಮಾಡುತ್ತೆ.

ಮಾಲೀಕರೇ ಯಾಕೆ ಮಾಡಿಸಬಾರದು ಅಂತ ಕೇಳಬಹುದು. ಇಲ್ಲಿ ಪಾಲಿನ ಪದ್ಧತಿ ಅಡ್ಡ ಬರುತ್ತೆ. ಹಲವು ಬೋಟುಗಳಲ್ಲಿ ಮೀನು ಮಾರಿದ ದುಡ್ಡಿನಲ್ಲಿ ಮೊದಲು ಡೀಸೆಲ್, ಐಸು, ರೇಷನ್ ಖರ್ಚು ಕಳೆದು ಉಳಿದದ್ದನ್ನು ಮಾಲೀಕ ಮತ್ತು ಕೆಲಸಗಾರರ ನಡುವೆ ಹಂಚುತ್ತಾರೆ. ಡೀಸೆಲ್ ಎಲ್ಲರ ಖರ್ಚು. ಬ್ಯಾಟರಿ ಮಾತ್ರ ಮಾಲೀಕನ ಬಂಡವಾಳ. ಬ್ಯಾಟರಿಗೆ ದುಡ್ಡು ಹಾಕಿದವನಿಗೆ ಉಳಿತಾಯದ ಒಂದು ಭಾಗವಷ್ಟೇ ಸಿಗುತ್ತೆ. ಮತ್ತೊಂದು ಭಾಗ ಸೇರಬೇಕಾದ ಕಲಾಸಿಗಳಿಗೆ ಬೋಟಿನಲ್ಲಿ ಯಾವ ಬ್ಯಾಟರಿ ಇರಬೇಕು ಅಂತ ಹೇಳುವ ಹಕ್ಕೇ ಇಲ್ಲ. ಅವರಲ್ಲಿ ಅನೇಕರು ಈಗ ಆಂಧ್ರ, ಒಡಿಶಾ, ಜಾರ್ಖಂಡ್ ಕಡೆಯಿಂದ ಬಂದವರು, ಇಲ್ಲಿ ವೋಟೂ ಇಲ್ಲ. ಎಂಜಿನ್ ರೂಮಿನ ಪಕ್ಕ, ಹೊಗೆ-ಶಬ್ದದ ನಡುವೆ ಮಲಗುವವರು ಅವರು. ಎಂಜಿನ್ ನಿಲ್ಲಿಸಿದ ಮೇಲೂ ಒಂದು ಫ್ಯಾನು ತಿರುಗುತ್ತಾ ಅನ್ನುವ ಪ್ರಶ್ನೆ ಯಾವ ಪ್ರಣಾಳಿಕೆಯಲ್ಲಿ ಬಂದೀತು?

ಸುರಕ್ಷತೆ ಬಗ್ಗೆ ಹೇಳದೆ ಮುಂದೆ ಹೋಗಲಾಗಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಏಳು ಮಂದಿಯನ್ನು ಹೊತ್ತು ಹೊರಟ ‘ಸುವರ್ಣ ತ್ರಿಭುಜ’ ಬೋಟು ಸಂಪರ್ಕ ಕಳೆದುಕೊಂಡು ಕಣ್ಮರೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಬಳಿ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಆ ದುರಂತಕ್ಕೆ ಬ್ಯಾಟರಿ ಕಾರಣ ಅಂತ ನಾನು ಹೇಳ್ತಿಲ್ಲ. ಆದರೆ ಒಂದು ಬೋಟು ಎಲ್ಲಿದೆ ಅಂತ ದಡಕ್ಕೆ ಗೊತ್ತಿರಬೇಕು ಅನ್ನುವ ಕೂಗು ನಮ್ಮ ಕರಾವಳಿಯಲ್ಲಿ ಜೋರಾದದ್ದು ಆಗ. ಈಗ ಕೇಂದ್ರ ಸರ್ಕಾರ 364 ಕೋಟಿ ರೂಪಾಯಿಯ ಯೋಜನೆಯಲ್ಲಿ ದೇಶದ ಒಂದು ಲಕ್ಷ ಬೋಟುಗಳಿಗೆ ಇಸ್ರೊ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್ ಉಚಿತವಾಗಿ ಹಾಕಿಸುತ್ತಿದೆ. ಒಳ್ಳೆಯ ಯೋಜನೆ. ಕೊನೆಗೆ ಅದಕ್ಕೂ ಕರೆಂಟು ಬರಬೇಕಾದ್ದು ಬೋಟಿನಿಂದಲೇ ಅಲ್ವಾ? ಉಪಗ್ರಹದ ತನಕ ಯೋಚಿಸಿದವರು ಕ್ಯಾಬಿನ್ ಕೆಳಗಿನ ಡಬ್ಬಿಯ ತನಕ ಇಳಿದಿಲ್ಲ.

ಡಬ್ಬಿ ಬದಲಿಸಿದರೆ ಮುಗಿಯಲ್ಲ

ಇಷ್ಟು ಓದಿ ಯಾರಾದರೂ ಮಾಲೀಕರು ಆನ್‌ಲೈನಿನಲ್ಲಿ ಲಿಥಿಯಂ ಬ್ಯಾಟರಿ ತರಿಸಿ, ಹಳೆಯದರ ಜಾಗದಲ್ಲಿ ಇಟ್ಟು, ಅದೇ ವೈರು ಸಿಕ್ಕಿಸಿದರೆ ಅನಾಹುತ. ‘ನೇರ ಬದಲಿ’ ಅಂತ ಜಾಹೀರಾತಿನಲ್ಲಿ ಬರುವ ಮಾತು ಅರ್ಧ ಸತ್ಯ.

ಲೆಡ್-ಆಸಿಡ್ ತುಂಬುತ್ತಾ ಬಂದಂತೆ ತಾನೇ ಕರೆಂಟು ಕಡಿಮೆ ಎಳೆಯುತ್ತೆ, ಆಲ್ಟರ್ನೇಟರ್‌ಗೆ ಉಸಿರಾಡಲು ಬಿಡುತ್ತೆ. ಲಿಥಿಯಂಗೆ ಆ ಸೌಜನ್ಯ ಇಲ್ಲ. ಒಳಗಿನ ರೋಧ ತೀರಾ ಕಡಿಮೆ, ಕೊಟ್ಟಷ್ಟೂ ಎಳೆಯುತ್ತೆ, ಹೆಚ್ಚುಕಡಿಮೆ ತುಂಬುವವರೆಗೂ ಎಳೆಯುತ್ತೆ. ಎಂಜಿನ್ ನಿಧಾನಕ್ಕೆ ಓಡುವಾಗ ಆಲ್ಟರ್ನೇಟರ್‌ನ ತಂಪುಗೊಳಿಸುವ ಫ್ಯಾನೂ ನಿಧಾನ. ಹೀಗೆ ಆಲ್ಟರ್ನೇಟರ್ ಸುಟ್ಟುಹೋಗುವುದು ಲಿಥಿಯಂ ಹಾಕಿಸಿದವರ ಮಾಮೂಲಿ ದೂರು.

ಎರಡನೆಯದು ಬಿಎಂಎಸ್, ಅಂದರೆ ಬ್ಯಾಟರಿಯೊಳಗೆ ಕೂತ ಕಾವಲುಗಾರ. ಯಾವುದೋ ಒಂದು ಸೆಲ್‌ನ ವೋಲ್ಟೇಜ್ ಮಿತಿ ಮೀರಿದರೆ, ಬಿಸಿ ಹೆಚ್ಚಾದರೆ, ಅದು ಇಡೀ ಬ್ಯಾಟರಿಯನ್ನೇ ಕತ್ತರಿಸಿಬಿಡುತ್ತೆ. ಚಾರ್ಜ್ ಆಗ್ತಿರುವಾಗ ಹಾಗೆ ದಿಢೀರ್ ಕತ್ತರಿಸಿದರೆ ಆಲ್ಟರ್ನೇಟರ್‌ನಿಂದ ವೋಲ್ಟೇಜ್ ಚಿಮ್ಮಿ ಅದರ ಡಯೋಡ್‌ಗಳು, ಜೊತೆಗೆ ಜಿಪಿಎಸ್, ವೈರ್‌ಲೆಸ್ ಕೂಡ ಸುಡಬಹುದು. ರಾತ್ರಿ ಖಾಲಿಯಾಗಿ ಕತ್ತರಿಸಿದರೆ ಇನ್ನೂ ಕೆಟ್ಟದ್ದು. ಲೆಡ್-ಆಸಿಡ್ ಸಾಯುವ ಮುಂಚೆ ದೀಪ ಮಂಕಾಗಿ ಸೂಚನೆ ಕೊಡುತ್ತೆ, ಅನುಭವಿ ತಾಂಡೇಲನಿಗೆ ಅಷ್ಟು ಸಾಕು. ಲಿಥಿಯಂನ ವೋಲ್ಟೇಜ್ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಮಟ್ಟ. ದೀಪ ಝಗ್ ಅಂತ ಉರೀತಿರುತ್ತೆ, ಮುಂದಿನ ಕ್ಷಣ ಎಲ್ಲವೂ ಕತ್ತಲೆ.

ಪರಿಹಾರಗಳು ಗೊತ್ತಿರುವಂಥವೇ. ಸ್ಟಾರ್ಟ್ ಮಾಡುವ ಬ್ಯಾಟರಿಯನ್ನು ಲೆಡ್-ಆಸಿಡ್‌ನಲ್ಲೇ ಉಳಿಸಿಕೊಳ್ಳಬೇಕು. ಆಲ್ಟರ್ನೇಟರ್ ಅದನ್ನು ತುಂಬಿಸಲಿ. ಅದರಿಂದ ಮಿತವಾಗಿ ಕರೆಂಟ್ ಪಡೆದು ಲಿಥಿಯಂಗೆ ಕೊಡುವ ಡಿಸಿ-ಡಿಸಿ ಚಾರ್ಜರ್ ನಡುವೆ ಇರಲಿ. ವೈರ್‌ಲೆಸ್‌ಗೆ ಎರಡೂ ಬ್ಯಾಟರಿಯಿಂದ ದಾರಿ ಇರಲಿ. ಎಷ್ಟು ಆಂಪಿಯರ್ ಹೋಯ್ತು, ಎಷ್ಟು ಬಂತು ಅಂತ ಎಣಿಸುವ ಮೀಟರ್ ಇರಲಿ. ಶಾರ್ಟ್ ಆದರೆ ಸಾವಿರಾರು ಆಂಪಿಯರ್ ಹರಿಯುವುದರಿಂದ ಅದನ್ನು ತಡೆಯುವ ಸರಿಯಾದ ಫ್ಯೂಸ್ ಇರಲಿ. ಇದೆಲ್ಲ ಸೇರಿದರೆ ಬ್ಯಾಟರಿಯ ಬೆಲೆಯ ಮೇಲೆ ಇನ್ನಷ್ಟು ಖರ್ಚು, ಅದಕ್ಕೇ ಎಲ್ಲರೂ ಮೊದಲು ಬಿಡುವುದು ಇದನ್ನೇ.

2022ರಲ್ಲಿ ಇ-ಸ್ಕೂಟರ್‌ಗಳು ಬೀದಿಯಲ್ಲಿ ಹೊತ್ತಿ ಉರಿದಾಗ ಕೇಂದ್ರ ಸರ್ಕಾರ ಎಐಎಸ್-156 ಮಾನದಂಡವನ್ನು ಬಿಗಿ ಮಾಡಿತು. ಅದು ರಸ್ತೆಯ ವಾಹನಗಳಿಗೆ. ಅಮೆರಿಕದಲ್ಲಿ ಬೋಟಿನ ಲಿಥಿಯಂ ಬ್ಯಾಟರಿಗೆಂದೇ ಎಬಿವೈಸಿ ಸಂಸ್ಥೆಯ ಇ-13 ಎಂಬ ಮಾನದಂಡ ಇದೆ. ಬಿಎಂಎಸ್ ಕತ್ತರಿಸುವ ಮೊದಲು ಎಚ್ಚರಿಕೆ ಕೊಡಬೇಕು ಅನ್ನೋದು ಅದರ ಮುಖ್ಯ ಕಾಳಜಿಗಳಲ್ಲಿ ಒಂದು. ನಾರ್ವೆಯಂಥ ಶ್ರೀಮಂತ, ಶಿಸ್ತಿನ ದೇಶದಲ್ಲೇ 2019ರಲ್ಲಿ ‘ಇಟ್ಟರೋಯ್ನಿಂಗನ್’ ಎಂಬ ದೋಣಿಯ ಬ್ಯಾಟರಿ ಕೋಣೆಯಲ್ಲಿ ಬೆಂಕಿ ಹತ್ತಿ, ಮರುದಿನ ಸ್ಫೋಟವಾಗಿ, ಅಗ್ನಿಶಾಮಕ ಸಿಬ್ಬಂದಿ ವಿಷಾನಿಲ ಕುಡಿದು ಆಸ್ಪತ್ರೆ ಸೇರಿದರು. ಎಲ್‌ಎಫ್‌ಪಿ ಅಷ್ಟು ಸುಲಭಕ್ಕೆ ಹೊತ್ತಿಕೊಳ್ಳುವ ರಸಾಯನ ಅಲ್ಲ, ನಿಜ. ಆದರೆ ಹಳೆಯ ಇ-ವಾಹನದಿಂದ ಕಿತ್ತ ಸೆಲ್‌ಗಳನ್ನು ಜೋಡಿಸಿ ಹೊಸ ಸ್ಟಿಕ್ಕರ್ ಹಚ್ಚಿದ ಡಬ್ಬಿಯೊಳಗೆ ಯಾವ ರಸಾಯನ ಇದೆ ಅಂತ ನಡುಸಮುದ್ರದಲ್ಲಿ ಯಾರು ನೋಡ್ತಾರೆ?

ಪಕ್ಕದ ಕೇರಳ ಇದನ್ನು ಬೇರೆ ದಾರಿಯಲ್ಲಿ ಮಾಡಿ ತೋರಿಸಿದೆ. ವೈಕಂ-ತವಣಕ್ಕಡವು ನಡುವೆ 2017ರಲ್ಲಿ ಶುರುವಾದ 75 ಸೀಟಿನ ಸೌರ ದೋಣಿ ‘ಆದಿತ್ಯ’ ಲಿಥಿಯಂ ಬ್ಯಾಟರಿಯದ್ದು. 2023ರ ಏಪ್ರಿಲ್‌ನಲ್ಲಿ ಶುರುವಾದ ಕೊಚ್ಚಿ ವಾಟರ್ ಮೆಟ್ರೋ ದುಬಾರಿಯಾದರೂ ಬಹಳ ಸುರಕ್ಷಿತ ಎನಿಸಿದ ಲಿಥಿಯಂ ಟೈಟನೇಟ್ ಆರಿಸಿಕೊಂಡಿತು. ಅವು ಬ್ಯಾಟರಿಯಿಂದಲೇ ಓಡುವ ಸರ್ಕಾರಿ ದೋಣಿಗಳು, ನಮ್ಮ ಟ್ರಾಲ್ ಬೋಟಿಗೆ ನೇರ ಮಾದರಿ ಅಲ್ಲ. ಆದರೆ ಯಾವ ರಸಾಯನ, ಯಾವ ಪರೀಕ್ಷೆ ಅನ್ನುವುದನ್ನು ಅಲ್ಲಿ ಮಾರುಕಟ್ಟೆಯ ಅಗ್ಗದ ಡಬ್ಬಿಗೆ ಬಿಡಲಿಲ್ಲ.

ಇನ್ನೊಂದು ಅಡ್ಡಪರಿಣಾಮ ಕರಾವಳಿಯವರಿಗೆ ತಕ್ಷಣ ಹೊಳೆದಿರುತ್ತೆ: ಲೈಟ್ ಫಿಶಿಂಗ್. ಜೋರು ಬೆಳಕು ಹಾಯಿಸಿ ಮೀನು ಗುಂಪುಗೂಡಿಸಿ ಹಿಡಿಯುವುದನ್ನು ಕೇಂದ್ರ 2017ರಲ್ಲೇ ನಿಷೇಧಿಸಿದೆ. ಆದರೂ ನಾಡದೋಣಿಯವರಿಗೂ ದೊಡ್ಡ ಬೋಟಿನವರಿಗೂ ಈ ವಿಷಯದಲ್ಲಿ ಜಗಳ ನಿಂತಿಲ್ಲ. ಈಗ ಅದಕ್ಕೆ ಜನರೇಟರ್ ಬೇಕು, ಅದರ ಸದ್ದು ದೂರಕ್ಕೆ ಕೇಳುತ್ತೆ. ದೊಡ್ಡ ಲಿಥಿಯಂ ಬ್ಯಾಂಕ್ ಸದ್ದು ಮಾಡಲ್ಲ. ಹಾಗಾಗಿ ಸಹಾಯಧನ ಕೊಡುವುದಾದರೆ ಬೋಟಿಗೆ ಎರಡು-ಮೂರು ಯೂನಿಟ್‌ಗಿಂತ ಹೆಚ್ಚಿನ ಬ್ಯಾಟರಿಗೆ ಕೊಡಬಾರದು. ನಾಡದೋಣಿಯವರನ್ನು ಕೇಳದೆ ಯೋಜನೆ ಮಾಡಿದರೆ ಈ ಮಿತಿ ಯಾರಿಗೂ ನೆನಪಾಗಲ್ಲ.

ಸೀಸ ಎಲ್ಲಿಗೆ ಹೋಗುತ್ತೆ

ಲೆಡ್-ಆಸಿಡ್ ಪರ ಒಂದು ಬಲವಾದ ವಾದ ಇದೆ: ಅದಕ್ಕೆ ಗುಜರಿಯಲ್ಲಿ ಬೆಲೆ ಇದೆ. ಹಳೆಯ ಬ್ಯಾಟರಿ ತೂಕಕ್ಕೆ ಹಾಕಿದರೆ ದುಡ್ಡು ವಾಪಸ್, ಬೀದಿಯಲ್ಲಿ ಯಾರೂ ಬಿಸಾಡಲ್ಲ. ಇದು ನಿಜ. ಆದರೆ ಆ ಬ್ಯಾಟರಿಗಳಲ್ಲಿ ಎಷ್ಟೋ ಪರವಾನಗಿ ಇಲ್ಲದ ಕುಲುಮೆಗಳಿಗೆ ಹೋಗುತ್ತವೆ. ಅಲ್ಲಿ ಕೊಡಲಿಯಿಂದ ಒಡೆದು, ಆಸಿಡ್ ಮಣ್ಣಿಗೆ ಚೆಲ್ಲಿ, ಬಯಲಲ್ಲಿ ಸೀಸ ಕರಗಿಸ್ತಾರೆ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಪ್ರಕಟಿಸಿದ ವರದಿ ಜಗತ್ತಿನ ಮೂರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಅಪಾಯಕಾರಿ ಮಟ್ಟದ ಸೀಸ ಇದೆ ಅಂತು. ಭಾರತದಲ್ಲೇ ಅಂಥ ಮಕ್ಕಳು ಸುಮಾರು 27.5 ಕೋಟಿ. ಹಳೆಯ ಬ್ಯಾಟರಿಗಳ ಇಂಥ ಮರುಬಳಕೆ ಅದರ ಮುಖ್ಯ ಕಾರಣಗಳಲ್ಲೊಂದು. ಸೀಸದ ವಿಷದ ಬಗ್ಗೆ ದೇಶಕ್ಕೆ ಎಚ್ಚರಿಕೆ ಕೊಟ್ಟವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ವೆಂಕಟೇಶ್ ತುಪ್ಪಿಲ್ ಮೊದಲಿಗರು. ಸೀಸವುಳ್ಳ ಪೆಟ್ರೋಲ್ 2000ದಲ್ಲಿ ಹೋಯ್ತು, ಬ್ಯಾಟರಿಯ ಸೀಸ ಉಳಿಯಿತು.

ಲಿಥಿಯಂಗೆ ಸಮಸ್ಯೆ ಉಲ್ಟಾ. ಎಲ್‌ಎಫ್‌ಪಿಯಲ್ಲಿ ಕೋಬಾಲ್ಟ್ ಇಲ್ಲ, ನಿಕಲ್ ಇಲ್ಲ. ಅದಕ್ಕೇ ಅದು ಅಗ್ಗ, ಅದಕ್ಕೇ ಗುಜರಿಯಲ್ಲಿ ಬೆಲೆಯೂ ಕಡಿಮೆ. ಸತ್ತ ಮೇಲೆ ಅದನ್ನು ಯಾರೂ ಹುಡುಕಿಕೊಂಡು ಬರಲ್ಲ. ಬೋಟಿನಲ್ಲಿ ಸತ್ತ ಬ್ಯಾಟರಿಗೆ ಅತಿ ಸುಲಭದ ದಾರಿ ಯಾವುದು ಅಂತ ಬಿಡಿಸಿ ಹೇಳಬೇಕಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಲ್ಲ ಬಗೆಯ ಬ್ಯಾಟರಿಯನ್ನೂ ತಯಾರಕರೇ ವಾಪಸ್ ಪಡೆಯುವ ಹೊಣೆಗೆ ಒಳಪಡಿಸಿವೆ. ಕಾಗದದ ಮೇಲೆ ಚೆನ್ನಾಗಿದೆ. ಗಂಗೊಳ್ಳಿಯ ದಕ್ಕೆಯಲ್ಲೋ ತದಡಿಯಲ್ಲೋ ಆ ಬ್ಯಾಟರಿಯನ್ನು ಯಾರ ಕೈಗೆ ಕೊಡಬೇಕು ಅನ್ನುವುದಕ್ಕೆ ನಿಯಮ ಸಾಲದು, ಒಂದು ಶೆಡ್ಡು ಬೇಕು.

ಚೀನಾ ವಿಷಯ ಚುಟುಕಾಗಿ. ಈ ಎಲ್‌ಎಫ್‌ಪಿಯನ್ನು ಜಗತ್ತಿಗೆ ಪರಿಚಯಿಸಿದ 1997ರ ಪ್ರಬಂಧದಲ್ಲಿ ಮೂರು ಹೆಸರುಗಳಿವೆ: ಪಾಢಿ, ನಂಜುಂಡಸ್ವಾಮಿ, ಗುಡ್‌ಇನಫ್. ರೈತ ಸಂಘದ ನಂಜುಂಡಸ್ವಾಮಿ ಅಲ್ಲ, ಇವರು ಟೆಕ್ಸಾಸ್‌ನಲ್ಲಿದ್ದ ವಿಜ್ಞಾನಿ. ಅಲ್ಲಿ ಹುಟ್ಟಿದ ತಂತ್ರಜ್ಞಾನವನ್ನು ಕಾರ್ಖಾನೆಗೆ ಇಳಿಸಿ ಗೆದ್ದದ್ದು ಚೀನಾ. 2025ರ ಜುಲೈನಲ್ಲಿ ಅದು ಎಲ್‌ಎಫ್‌ಪಿ ಕ್ಯಾಥೋಡ್ ತಯಾರಿಕೆಯ ತಂತ್ರಜ್ಞಾನದ ರಫ್ತಿಗೆ ಕಡಿವಾಣವನ್ನೂ ಹಾಕಿತು. ಮಂಡ್ಯದ ಲಿಥಿಯಂ ಬರುತ್ತೆ ಅಂತ ಕಾಯುವವರಿಗೆ: ಆ ನಿಕ್ಷೇಪದ ಮೊದಲ ಅಂದಾಜು 14,100 ಟನ್, ಸರ್ಕಾರ ಆಮೇಲೆ ಹೇಳಿದ್ದು 1,600 ಟನ್.

ಬೋಟಿಗೆ ಬರೋಣ. ಕೇಳಬೇಕಾದ್ದು ದೊಡ್ಡದೇನಲ್ಲ. ಬೋಟು ತನ್ನ ರಿಯಾಯಿತಿ ಡೀಸೆಲ್‌ನ ಒಂದು ಸಣ್ಣ ಪಾಲನ್ನು ಬಿಟ್ಟುಕೊಟ್ಟರೆ, ಆ ತೆರಿಗೆಯ ಮೊತ್ತವನ್ನೇ ಮುಂಗಡವಾಗಿ ಬ್ಯಾಟರಿ, ಡಿಸಿ-ಡಿಸಿ ಚಾರ್ಜರ್, ಸೋಲಾರ್ ಪ್ಯಾನೆಲ್‌ಗೆ ಪಡೆಯುವ ಆಯ್ಕೆ ಕೊಡಿ. ಆಯ್ಕೆ, ಕಡ್ಡಾಯ ಅಲ್ಲ. ಬೊಕ್ಕಸಕ್ಕೆ ಹೊಸ ಹೊರೆಯೂ ಕಡಿಮೆ. ದುಡ್ಡು ಬಿಡುಗಡೆ ಆಗಬೇಕಾದ್ದು ಹಳೆಯ ಬ್ಯಾಟರಿಯನ್ನು ಪರವಾನಗಿ ಇರುವ ಮರುಬಳಕೆದಾರರಿಗೆ ಕೊಟ್ಟ ರಸೀದಿ ತೋರಿಸಿದ ಮೇಲೆ. ವೈರಿಂಗ್ ಮಾಡುವ ಬಂದರಿನ ಎಲೆಕ್ಟ್ರಿಷಿಯನ್‌ಗಳಿಗೆ ಕನ್ನಡದಲ್ಲಿ, ತುಳುವಿನಲ್ಲಿ ತರಬೇತಿ ಬೇಕು. ಅದಕ್ಕೆ ಮಳೆಗಾಲದ ಆ 61 ದಿನ ಇವೆ. ಬೋಟುಗಳೆಲ್ಲ ದಡದಲ್ಲೇ ಇರ್ತವೆ, ಎಂಜಿನ್ ರೂಮ್ ತೆರೆದೇ ಇರುತ್ತೆ, ಎಲೆಕ್ಟ್ರಿಷಿಯನ್‌ಗಳು ಹೇಗೂ ಅಲ್ಲೇ ಕೆಲಸದಲ್ಲಿರ್ತಾರೆ. ಅಷ್ಟರೊಳಗೆ ದುಡ್ಡು ಕೈಗೆ ಬರಬೇಕಾದರೆ ರಾಜ್ಯ ಬಜೆಟ್‌ನಲ್ಲಿ ಇದಕ್ಕೊಂದು ಸಾಲು ಸೇರಬೇಕಾದ್ದು ಮಾರ್ಚ್‌ಗೂ ಮುಂಚೆ.